ಡಿಗ್ರಿ ಹೋಗಿ ‘ಲಿ’ ಬಂದ ಕಥೆ

2005ನೇ ಇಸವಿ. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ, ವಿಜ್ಞಾನದ ದಿನ. ಪ್ರಶ್ನೆಪತ್ರಿಕೆ ಹಂಚಿ ಅರ್ಧ ಗಂಟೆಯೂ ಆಗಿರಲಿಲ್ಲವಂತೆ, ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳಂತೆ: “ಸಾ, ಎಲ್ಡು ಕೆ.ಜಿ. ನೀರು ಮೂವತ್ತು ಲೀಟ್ರು ಎಂಗಾಯ್ತದೆ?”

‘ಅಂತೆ’ ಎಂದು ಹೇಳುವುದಕ್ಕೆ ಕಾರಣ, ಆ ಕೊಠಡಿಯಲ್ಲಿ ನಾನಿರಲಿಲ್ಲ. ಮೇಲ್ವಿಚಾರಣೆಗೆ ಇದ್ದವರು ಭಾಷಾ ಶಿಕ್ಷಕರು. ಅವರು ಪತ್ರಿಕೆ ನೋಡಿ, ವಿಜ್ಞಾನದಲ್ಲಿ ಏನೋ ಇರಬಹುದು ಎಂದುಕೊಂಡು, “ಕೊಟ್ಟಿರೋದನ್ನ ಬರಿಯಮ್ಮ, ಕೂತ್ಕೊ” ಎಂದರು. ಅವಳು ಕೂತಳು. ಆ ಒಂದು ಲೆಕ್ಕದ ಮೇಲೆ ಕಾಲು ಗಂಟೆ ಕಳೆದು, ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಲಾಗದೆ ಉತ್ತರಪತ್ರಿಕೆ ಕೊಟ್ಟು ಹೋದಳು.

ನಾನು ಕೈಯಲ್ಲಿ ಬರೆದುಕೊಟ್ಟಿದ್ದ ಪ್ರಶ್ನೆ ಇಷ್ಟೇ: 2 ಕೆ.ಜಿ. ನೀರಿನ ತಾಪವನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಬೇಕಾದ ಉಷ್ಣವೆಷ್ಟು? ನಾನು ಬರೆದದ್ದು ಎಲ್ಲರೂ ಬರೆಯುವಂತೆ, ಅಂಕಿಯ ಪಕ್ಕ ಮೇಲೊಂದು ಪುಟ್ಟ ಸೊನ್ನೆ, ಅದರ ಮುಂದೆ ಇಂಗ್ಲಿಷಿನ ‘ಸಿ’. ಅಚ್ಚಾಗಿ ಬಂದದ್ದು ‘30ಲಿಅ ಇಂದ 80ಲಿಅ ಗೆ’. ‘ಲಿ’ ಎಂದರೆ ಮಕ್ಕಳು ಲೀಟರ್ ಎಂದುಕೊಳ್ಳದೆ ಇನ್ನೇನು ಎಂದುಕೊಂಡಾರು? ಅದೇ ಪತ್ರಿಕೆಯ ಇನ್ನೊಂದು ಪ್ರಶ್ನೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಇರಬೇಕಾದ ಜಾಗದಲ್ಲಿ ‘ಊಅಟ’ ಎಂದಿತ್ತು. ಸತು ಊಟ ಮಾಡಿದರೆ ಯಾವ ಅನಿಲ ಬಿಡುಗಡೆಯಾಗುತ್ತದೆ ಎಂದು ಹುಡುಗರು ವಾರಗಟ್ಟಲೆ ನಕ್ಕರು.

ಉತ್ತರಪತ್ರಿಕೆ ತಿದ್ದಲು ಕೂತಾಗ ನನಗೆ ನಗು ಬರಲಿಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಆ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದರು! ಎಂಬತ್ತರಲ್ಲಿ ಮೂವತ್ತು ಕಳೆದು, ಐವತ್ತನ್ನು ಎರಡರಿಂದ ಗುಣಿಸಿ, ಅದನ್ನು 4200ರಿಂದ ಗುಣಿಸಿ, 4,20,000 ಜೂಲ್ ಎಂದು ಬರೆದಿದ್ದರು. ಅವರು ‘ಲಿ’ಯನ್ನು ಓದಿರಲೇ ಇಲ್ಲ. ಅಂಕಿ ಕಂಡ ಕೂಡಲೇ ಸೂತ್ರಕ್ಕೆ ಹಾಕಿದ್ದರು. ಓದಿ, ಯೋಚಿಸಿ, ಇದು ಹೊಂದುವುದಿಲ್ಲವಲ್ಲ ಎಂದು ನಿಂತವಳು ಅವಳೊಬ್ಬಳೇ. ಅಂಕ ಕಳೆದುಕೊಂಡವಳೂ ಅವಳೇ. ಆ ಪ್ರಶ್ನೆಯ ಅಂಕವನ್ನೇನೋ ಎಲ್ಲರಿಗೂ ಕೊಟ್ಟೆ. ಅವಳು ಮುಟ್ಟದ ಎರಡು ಪ್ರಶ್ನೆಗಳಿಗೆ ಏನು ಕೊಡುವುದು?

ತಪ್ಪು ಯಾರದು? ಮೊದಲು ನಾನೂ ಪ್ರಿಂಟರ್ ಮೇಲೆ ಹಾಕಿದೆ. ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಪರದೆಯ ಮೇಲೆ ಪ್ರತಿಯೊಂದು ಸಾಲನ್ನೂ ನೋಡಿದ್ದೆ, ಸರಿಯಾಗಿತ್ತು. ಕಾಗದದ ಮೇಲೆ ತಪ್ಪಾಗಿದೆ ಎಂದರೆ ನಡುವೆ ಇರುವುದು ಪ್ರಿಂಟರ್ ತಾನೆ? ಅಂಗಡಿಯ ಹುಡುಗನೂ ಹಾಗೆಯೇ ಹೇಳಿದ: “ಸ್ಕ್ರೀನ್ ಮೇಲೆ ನೀವೇ ನೋಡಿದ್ರಲ್ಲ ಮೇಷ್ಟ್ರೇ, ಲೇಸರ್ ಪ್ರಿಂಟರ್ ಕೈ ಕೊಟ್ಟಿದೆ.” ಇಬ್ಬರೂ ಸೇರಿ ಬಾಯಿಲ್ಲದ ಯಂತ್ರವನ್ನು ಬೈದು ಮುಗಿಸಿದೆವು. ನಿಜ ಸಂಗತಿ ತಿಳಿಯಲು ನನಗೆ ಆಮೇಲೆ ಹಲವು ತಿಂಗಳು ಬೇಕಾಯಿತು. ಮಕ್ಕಳ ಪ್ರಾಜೆಕ್ಟು, ಅರ್ಜಿ, ಸೆಮಿನಾರ್ ಪ್ರಬಂಧಗಳನ್ನು ಮುದ್ರಿಸಲು ಪೆನ್‌ಡ್ರೈವ್ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವ ತಂದೆತಾಯಿಯರನ್ನು ಇಂದಿಗೂ ನೋಡುತ್ತೇನೆ. ಅವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೇಸರ್ ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲ. ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಚುಕ್ಕಿ ಇಡುವುದು ಮಾತ್ರ. ಅದರ ಮೂಲತತ್ವ ನಮ್ಮ ಪ್ರೌಢಶಾಲೆಯ ಪಾಠದಲ್ಲೇ ಇದೆ. ಒಣಗಿದ ತಲೆಗೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಅಂಟಿಕೊಳ್ಳುತ್ತವಲ್ಲ, ಅದೇ ಸ್ಥಾಯೀ ವಿದ್ಯುತ್ತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತ ಸತುವಿನ ತಗಡಿಗೆ ಗಂಧಕ ಸವರಿ, ಬಟ್ಟೆಯಿಂದ ಉಜ್ಜಿ ವಿದ್ಯುದಂಶ ಬರಿಸಿದ. ಗಾಜಿನ ಮೇಲೆ ಆ ದಿನದ ತಾರೀಖನ್ನೂ ಊರಿನ ಹೆಸರನ್ನೂ ಮಸಿಯಲ್ಲಿ ಬರೆದು, ಅದನ್ನು ತಗಡಿನ ಮೇಲಿಟ್ಟು ಬೆಳಕು ಬಿಟ್ಟ. ಬೆಳಕು ಬಿದ್ದ ಕಡೆ ವಿದ್ಯುದಂಶ ಇಳಿದು ಹೋಯಿತು. ಅಕ್ಷರದ ನೆರಳಿದ್ದ ಕಡೆ ಉಳಿಯಿತು. ಲೈಕೊಪೋಡಿಯಂ ಎಂಬ ಸಸ್ಯದ ಬೀಜಕಗಳ ಪುಡಿಯನ್ನು ಉದುರಿಸಿ ಊದಿದಾಗ ಪುಡಿ ಅಕ್ಷರಗಳ ಆಕಾರದಲ್ಲಿ ಅಂಟಿ ನಿಂತಿತು. ಮೇಣದ ಕಾಗದ ಒತ್ತಿ ಎತ್ತಿಕೊಂಡ. ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ಅದು.

1971ರ ಹೊತ್ತಿಗೆ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್, ಗಾಜಿನ ಮೇಲೆ ಬರೆಯುವ ಬದಲು ಕಂಪ್ಯೂಟರಿನ ಆಣತಿಯಂತೆ ಹೊತ್ತಿ ಆರುವ ಲೇಸರ್ ಕಿರಣದಿಂದಲೇ ಉರುಳೆಯ ಮೇಲೆ ಬರೆಯಿಸಿದ. ಇಂದಿಗೂ ಅಷ್ಟೇ. ಉರುಳೆಗೆ ವಿದ್ಯುದಂಶ, ಲೇಸರ್ ತಾಗಿದ ಚುಕ್ಕಿಗಳಿಗೆ ಟೋನರ್ ಎಂಬ ಪ್ಲಾಸ್ಟಿಕ್ ಮಿಶ್ರಿತ ಕರಿ ಪುಡಿ, ಅಲ್ಲಿಂದ ಕಾಗದಕ್ಕೆ, ಆಮೇಲೆ ಬಿಸಿ ಉರುಳೆಯ ನಡುವೆ ಕರಗಿಸಿ ಒತ್ತುವುದು. ಪ್ರಿಂಟರಿನಿಂದ ಬಂದ ಹಾಳೆ ಆಗತಾನೆ ಕಾವಲಿಯಿಂದ ತೆಗೆದ ರೊಟ್ಟಿಯಂತೆ ಬೆಚ್ಚಗಿರುವುದು ಅದಕ್ಕೇ. (ಮಳೆಗಾಲದಲ್ಲಿ ತೇವ ಹೀರಿದ ಕಾಗದದ ಮೇಲೆ ಅಕ್ಷರ ಮಾಸಲಾಗಿ ಬರುವುದಕ್ಕೂ ಕಾರಣ ಇಲ್ಲೇ ಇದೆ: ತೇವದ ಕಾಗದದಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ. ಹೇಮಾವತಿ ದಂಡೆಯ ಊರುಗಳಲ್ಲಿ ಕಾಗದದ ಕಟ್ಟನ್ನು ಬಿಚ್ಚಿ ನೆಲದ ಮೇಲೆ ಇಡಬೇಡಿ.)

ಸರಿ, ಚುಕ್ಕಿ ಇಡುವ ಯಂತ್ರಕ್ಕೆ ಅಕ್ಷರದ ಆಕಾರ ಹೇಳಿಕೊಡುವವರು ಯಾರು? ಪ್ರಶ್ನೆ ಇರುವುದು ಇಲ್ಲಿ.

ಒಂದು ಲೆಕ್ಕ ಮಾಡೋಣ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಇಂಚಿಗೆ 300 ಚುಕ್ಕಿಯಂತೆ ಇಟ್ಟರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳು. ಪ್ರತಿ ಚುಕ್ಕಿಗೂ ಕಪ್ಪೋ ಬಿಳುಪೋ ಎಂದು ನೆನಪಿಡಲು ಒಂದು ಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಇಡೀ ಪುಟವನ್ನು ಚಿತ್ರವಾಗಿ ನೆನಪಿಡಲು ಹತ್ತಿರ ಹತ್ತಿರ 1060 ಕಿಲೋಬೈಟ್ ಬೇಕು. 1984ರಲ್ಲಿ ಮಾರುಕಟ್ಟೆಗೆ ಬಂದ ಹ್ಯೂಲೆಟ್ ಪ್ಯಾಕಾರ್ಡ್ ಕಂಪನಿಯ ಮೊದಲ ಲೇಸರ್‌ಜೆಟ್‌ನಲ್ಲಿ ಇದ್ದ ನೆನಪು 128 ಕಿಲೋಬೈಟ್! ಬೇಕಾದುದರ ಎಂಟನೇ ಒಂದು ಭಾಗ. ಹಾಗಾದರೆ ಅದು ಇಡೀ ಪುಟ ಹೇಗೆ ಮುದ್ರಿಸುತ್ತಿತ್ತು? ಇಂಗ್ಲಿಷ್ ಅಕ್ಷರಗಳ ಆಕಾರವನ್ನು ಮೊದಲೇ ಅದರ ಹೊಟ್ಟೆಯಲ್ಲಿ ತುಂಬಿಟ್ಟಿದ್ದರು. ಕಂಪ್ಯೂಟರ್ ‘65ನೇ ನಂಬರಿನವನನ್ನು ಇಲ್ಲಿ ನಿಲ್ಲಿಸು’ ಎಂದರೆ ಸಾಕು, ಪ್ರಿಂಟರ್ ತನ್ನಲ್ಲಿದ್ದ ‘ಎ’ ಆಕಾರವನ್ನು ತೆಗೆದು ಒತ್ತುತ್ತಿತ್ತು.

ಆ ಹೊಟ್ಟೆಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಕನ್ನಡವನ್ನು ಲೇಸರ್ ಪ್ರಿಂಟರ್‌ಗೆ ಕಳಿಸುವ ದಾರಿಗಳು ಎರಡೇ. ಅಕ್ಷರಗಳ ಆಕಾರವನ್ನು, ಅಂದರೆ ಫಾಂಟನ್ನು, ಕಂಪ್ಯೂಟರಿನಿಂದ ಪ್ರಿಂಟರಿಗೆ ಇಳಿಸಿ ಆಮೇಲೆ ನಂಬರ್ ಹೇಳುವುದು ಒಂದು. ಪುಟವನ್ನೇ ಚಿತ್ರವಾಗಿ ಬರೆದು ಚುಕ್ಕಿಗಳ ಲೆಕ್ಕ ಕಳಿಸುವುದು ಇನ್ನೊಂದು. ಎರಡರಲ್ಲೂ ಕನ್ನಡದ ಆಕಾರ ಹೊರಡುವುದು ನಮ್ಮ ಕಂಪ್ಯೂಟರಿನಿಂದಲೇ. ಅಲ್ಲಿ ಫಾಂಟ್ ಇಲ್ಲದಿದ್ದರೆ ಎಷ್ಟು ದುಬಾರಿ ಪ್ರಿಂಟರ್ ತಂದರೂ ಕನ್ನಡ ಬರುವುದಿಲ್ಲ.

ಈಗ ‘ಲಿ’ಯ ಮೂಲಕ್ಕೆ ಹೋಗೋಣ. ಕಂಪ್ಯೂಟರ್ ಅಕ್ಷರವನ್ನು ಇಡುವುದು ನಂಬರ್ ಆಗಿ ಎಂದೆನಲ್ಲ, ಹಳೆಯ ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಅಂದರೆ ಒಟ್ಟು 256 ನಂಬರುಗಳು. ಸಿನಿಮಾ ಮಂದಿರದ ಕುರ್ಚಿಗಳಂತೆ ಎಂದುಕೊಳ್ಳಿ. ಮುಂದಿನ 128 ಕುರ್ಚಿಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಲ್ಪವಿರಾಮ ಇತ್ಯಾದಿ ಕೂತಿದ್ದವು. ಹಿಂದಿನ 128ರಲ್ಲಿ ಪೌಂಡ್ ಗುರುತು, ಡಿಗ್ರಿ ಗುರುತು, ತಲೆಯ ಮೇಲೆ ಗೀರು ಚುಕ್ಕಿ ಹೊತ್ತ ಫ್ರೆಂಚ್, ಜರ್ಮನ್ ಅಕ್ಷರಗಳು. ಕನ್ನಡಕ್ಕೆ ಒಂದು ಕುರ್ಚಿಯೂ ಉಳಿದಿರಲಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮದು ಸಾವಿರಗಟ್ಟಲೆ ಆಕಾರಗಳ ದೊಡ್ಡ ಸಂಸಾರ.

ಆ ಕಾಲದ ನಮ್ಮ ತಂತ್ರಜ್ಞರು ಮಾಡಿದ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು. ಅವರು ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ತುಂಡು, ತಲೆಕಟ್ಟಿಲ್ಲದ ‘ಕ’ ಒಂದು ತುಂಡು, ನಕಾರದ ಒತ್ತು ಒಂದು ತುಂಡು. ತುಂಡುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಅಕ್ಷರವಾಗುತ್ತದೆ. ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಕುರ್ಚಿಗಳಲ್ಲೇ ಕೂರಿಸಿದರು. ಕಂಪ್ಯೂಟರ್‌ಗೆ ಗೊತ್ತಿರುವುದು ಕುರ್ಚಿಯ ನಂಬರ್ ಮಾತ್ರ. ಅಲ್ಲಿ ಕೂತವರ ಮುಖ ಯಾವುದು ಎಂದು ನಿರ್ಧರಿಸುವುದು ಫಾಂಟ್. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ಉಚಿತವಾಗಿ ಹಂಚಿದ ‘ನುಡಿ’ ಇವುಗಳಿಂದಾಗಿ ಹಳ್ಳಿಯ ಶಾಲೆಗಳಲ್ಲೂ ಕನ್ನಡ ಟೈಪಾಗತೊಡಗಿತು. ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಬೆರಳಿಟ್ಟರೆ ಅಕ್ಷರ ಮೂಡುವ ಸುಲಭ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. ಇವರೆಲ್ಲ ಇಲ್ಲದಿದ್ದರೆ ನಾನು ಇನ್ನೂ ಸ್ಟೆನ್ಸಿಲ್ ಕಾಗದದ ಮೇಲೆ ಗೀಚುತ್ತಿದ್ದೆ.

‘ಕನ್ನಡ’ ಎಂಬ ಮೂರಕ್ಷರದ ಪದ ಹಳೆಯ ನುಡಿ ಫಾಂಟಿನ ಒಳಗೆ ಏಳು ತುಂಡು. ಇಂಗ್ಲಿಷಿನ ದೊಡ್ಡ ‘ಪಿ’, ಮೇಲೆ ಗೀರಿರುವ ‘ಎ’, ಪೌಂಡ್ ಗುರುತು, ಮತ್ತೆ ಗೀರಿನ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ಗೀರಿನ ‘ಎ’. ಆ ಗೀರಿನ ‘ಎ’ ನಮ್ಮ ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಥ ಕಡತ ತೆರೆದಾಗ ಕಾಣುವ ‘ಚೀನೀ ಭಾಷೆ’ ಇದೇ. ಅದು ಚೀನಿಯೂ ಅಲ್ಲ, ವೈರಸ್ಸೂ ಅಲ್ಲ. ವೇಷ ಕಳಚಿದ ಕನ್ನಡ. ನಮ್ಮ ‘ಹೇಮಗಿರಿ’ಯ ‘ಗಿರಿ’ ಬರೀ ‘ವಿ’ ಮತ್ತು ಸಣ್ಣ ‘ಜೆ’. ‘ಶಾಲೆ’ ಆರಂಭವಾಗುವುದು ± ಎಂಬ ಗುರುತಿನಿಂದ, ‘ಶಿಕ್ಷಣ’ ಆರಂಭವಾಗುವುದು ವರ್ಗದ ಗುರುತಾದ ಮೇಲಿನ ಪುಟ್ಟ ಎರಡರಿಂದ. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಮೋಜು ಇನ್ನೇನು ಬೇಕು!

ಮೋಜು ಎಲ್ಲಿಯವರೆಗೆ ಎಂದರೆ ನಿಜವಾದ ± ಬೇಕಾಗುವವರೆಗೆ. ಡಿಗ್ರಿ ಗುರುತಿನ ಕುರ್ಚಿ 176. ನುಡಿ ಫಾಂಟಿನಲ್ಲಿ ಆ ಕುರ್ಚಿಯ ಮೇಲೆ ಕೂತಿರುವುದು ‘ಲಿ’. ‘ಅಲ್ಲಿ’, ‘ಇಲ್ಲಿ’, ‘ಮನೆಯಲ್ಲಿ’ ಎಂದು ಪ್ರತಿ ವಾಕ್ಯದಲ್ಲೂ ಬೇಕಾಗುವ ‘ಲಿ’. ಇಂಗ್ಲಿಷ್ ‘ಸಿ’ ಕುರ್ಚಿಯಲ್ಲಿ ‘ಅ’, ‘ಎಚ್’ ಕುರ್ಚಿಯಲ್ಲಿ ‘ಊ’, ಸಣ್ಣ ‘ಎಲ್’ ಕುರ್ಚಿಯಲ್ಲಿ ‘ಟ’. ಎಚ್, ಸಿ, ಎಲ್ ಸೇರಿ ‘ಊಅಟ’ ಆದದ್ದು ಹೀಗೆ. ಗುಣಾಕಾರದ ಗುರುತು ಠಕಾರದ ಒತ್ತು. ಮೈಕ್ರೋ ಗುರುತು ತಲೆಕಟ್ಟಿಲ್ಲದ ‘ಷ’.

ಅಂಗಡಿಯಲ್ಲಿ ಅಂದು ನಡೆದದ್ದನ್ನು ನೆನೆಸಿಕೊಂಡೆ. ಹುಡುಗ ಕನ್ನಡವನ್ನು ನುಡಿ ಫಾಂಟಿನಲ್ಲೂ, ಡಿಗ್ರಿ ಮತ್ತು ಸೂತ್ರಗಳನ್ನು ಇಂಗ್ಲಿಷ್ ಫಾಂಟಿನಲ್ಲೂ ಸರಿಯಾಗಿಯೇ ಹೊಡೆದಿದ್ದ. ನಾನು ನೋಡಿ ಒಪ್ಪಿದ್ದೆ. ಎದ್ದು ಹೊರಡುವಾಗ, “ಅಕ್ಷರ ಸಣ್ಣದಾಯ್ತಪ್ಪ, ಮಕ್ಕಳಿಗೆ ಕಾಣಲ್ಲ, ಒಂದು ಸೈಜ್ ದೊಡ್ಡದು ಮಾಡು” ಎಂದಿದ್ದೆ. ಅವನು ಇಡೀ ಪುಟವನ್ನು ಒಟ್ಟಿಗೆ ಆರಿಸಿ, ಸೈಜ್ ಬದಲಿಸಿ, ಜತೆಗೆ ಎಲ್ಲ ಒಂದೇ ಥರ ಕಾಣಲಿ ಎಂದು ಫಾಂಟನ್ನೂ ಒಂದೇ ಮಾಡಿದ್ದಾನೆ. ಆ ಕ್ಷಣದಲ್ಲಿ ಡಿಗ್ರಿಗಳೆಲ್ಲ ‘ಲಿ’ಗಳಾದವು. ಪ್ರಿಂಟರ್ ತನಗೆ ಹೇಳಿದ್ದನ್ನು ಚುಕ್ಕಿ ತಪ್ಪದೆ ಮುದ್ರಿಸಿತು. ಹುಡುಗ ಮಾಡಿದ್ದು ನನ್ನ ಮಾತಿಗೆ. ಬದಲಾವಣೆಯ ನಂತರದ ಹಾಳೆಯನ್ನು ಓದದೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವನು ನಾನು.

ಇಷ್ಟು ತಿಳಿದ ಮೇಲೆ, ಮುದ್ರಣ ಕೆಟ್ಟಾಗ ರೋಗ ಎಲ್ಲಿದೆ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಂಗಡಿಯ ಪರದೆಯ ಮೇಲೂ ಕೆಟ್ಟಿದೆಯೆ, ಇಲ್ಲ ಕಾಗದದ ಮೇಲೆ ಮಾತ್ರ ಕೆಟ್ಟಿದೆಯೆ?

ಪರದೆಯ ಮೇಲೆಯೇ ವೇಷ ಕಳಚಿದ್ದರೆ ಆ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲ. ಪದಸಂಸ್ಕಾರಕ, ಅಂದರೆ ನಾವು ಬಳಸುವ ವರ್ಡ್, ಫಾಂಟ್ ಸಿಗದಿದ್ದಾಗ ಸುಮ್ಮನಿರುವುದಿಲ್ಲ, ನಿಮ್ಮನ್ನು ಕೇಳದೆ ಇನ್ನೊಂದು ಫಾಂಟ್ ಹಾಕಿಕೊಳ್ಳುತ್ತದೆ. ಇದಕ್ಕೆ ಪರಿಹಾರ, ಮನೆಯಿಂದ ಹೊರಡುವ ಮೊದಲೇ ಕಡತವನ್ನು ಪಿ.ಡಿ.ಎಫ್. ಮಾಡುವುದು. 1993ರಲ್ಲಿ ಅಡೋಬಿ ಕಂಪನಿ ತಂದ ಈ ಪಿ.ಡಿ.ಎಫ್. ಬುತ್ತಿ ಕಟ್ಟಿಕೊಂಡು ಹೋಗುವ ಪ್ರಯಾಣಿಕನಂತೆ. ತನಗೆ ಬೇಕಾದ ಫಾಂಟನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ವರ್ಡ್ ಕಡತವನ್ನೇ ಕೊಡಬೇಕಾದ ಸಂದರ್ಭವಿದ್ದರೆ, ಉಳಿಸುವ ಆಯ್ಕೆಗಳಲ್ಲಿ ‘ಎಂಬೆಡ್ ಫಾಂಟ್ಸ್’ ಎಂಬುದಕ್ಕೆ ಗುರುತು ಹಾಕಿ. ಮಾಡಿದ ಪಿ.ಡಿ.ಎಫ್. ಅನ್ನು ಮನೆಯಲ್ಲಿರುವ ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ಅಂಗಡಿಯಲ್ಲೂ ಕಾಣುತ್ತದೆ. ಪರದೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಡಿ. ಫೋಟೋ ಕುಗ್ಗಿ ಒತ್ತಕ್ಷರಗಳೆಲ್ಲ ಮಸಿ ಚುಕ್ಕಿಗಳಾಗುತ್ತವೆ. ಪಿ.ಡಿ.ಎಫ್. ಅನ್ನೇ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಪರದೆ ಸರಿ, ಕಾಗದ ಮಾತ್ರ ಕೆಟ್ಟಿದೆ ಎಂದಾದರೆ ಕಂಪ್ಯೂಟರ್ ಪ್ರಿಂಟರ್‌ಗೆ ಫಾಂಟ್ ಇಳಿಸುವಾಗ ಎಡವಟ್ಟಾಗಿದೆ. ಆ ಕೆಲಸ ಮಾಡುವುದು ‘ಡ್ರೈವರ್’ ಎಂಬ ಸಣ್ಣ ತಂತ್ರಾಂಶ. ಅದು ಹಳತಾಗಿರಬಹುದು, ಅಥವಾ ಬೇರೆ ಮಾದರಿಯ ಪ್ರಿಂಟರಿನದಾಗಿರಬಹುದು. ಸರಿಯಾದ ಡ್ರೈವರ್ ಹಾಕಿಸುವವರೆಗೆ ತುರ್ತಿನ ಮದ್ದೊಂದಿದೆ. ಅಡೋಬಿ ರೀಡರಿನಲ್ಲಿ ಪಿ.ಡಿ.ಎಫ್. ತೆರೆದು, ಪ್ರಿಂಟ್ ಒತ್ತಿದಾಗ ಬರುವ ಚೌಕದಲ್ಲಿ ‘ಅಡ್ವಾನ್ಸ್‌ಡ್’ ಒಳಗೆ ‘ಪ್ರಿಂಟ್ ಆಸ್ ಇಮೇಜ್’ ಎಂಬುದಿದೆ. ಅದನ್ನು ಆರಿಸಿದರೆ ಫಾಂಟಿನ ಗೊಡವೆಯೇ ಇಲ್ಲ, ಇಡೀ ಪುಟ ಚಿತ್ರವಾಗಿ ಹೋಗುತ್ತದೆ. 1984ರ ಯಂತ್ರಕ್ಕೆ ಇದು ಸಾಧ್ಯವಿರಲಿಲ್ಲ, ಈಗಿನವಕ್ಕೆ ನೆನಪಿನ ಕೊರತೆ ಇಲ್ಲ. ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಅಂಗಡಿಯ ಹುಡುಗರಿಗೆ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ, ನೀವೇ ತೋರಿಸಿಕೊಡಿ.

ಕೆಲವೊಮ್ಮೆ ಎಲ್ಲವೂ ಸರಿಯಿದ್ದು ಒತ್ತಕ್ಷರ, ಅರ್ಕಾವತ್ತು ಮಾತ್ರ ಮಾಯವಾಗಿರುತ್ತವೆ. ಹನ್ನೆರಡು ಪಾಯಿಂಟಿನ ಅಕ್ಷರದ ಎತ್ತರ ಇಂಚಿನ ಆರನೇ ಒಂದು ಭಾಗ. 300 ಚುಕ್ಕಿಯ ಲೆಕ್ಕದಲ್ಲಿ ಬರೀ 50 ಚುಕ್ಕಿ. ಇಷ್ಟರಲ್ಲೇ ‘ಸ್ತ್ರೀ’ಯಂಥ ಅಕ್ಷರದ ಮೇಲಿನ ಗುಡಿಸು, ಕೆಳಗಿನ ಎರಡು ಒತ್ತು ಎಲ್ಲ ಹಿಡಿಯಬೇಕು. ಇಂಗ್ಲಿಷಿಗೆ ಸಾಕಾಗುವ ಚುಕ್ಕಿ ನಮಗೆ ಸಾಲದು. 600ಕ್ಕೆ ಏರಿಸಿ. ಟೋನರ್ ಉಳಿಸುವ ‘ಡ್ರಾಫ್ಟ್’ ಆಯ್ಕೆಯನ್ನು ಕನ್ನಡಕ್ಕೆ ಬಳಸಬೇಡಿ ಎಂದು ಕೇಳಿಕೊಳ್ಳಿ. ಅಂಗಡಿಯವರು ಮುಖ ಗಂಟಿಕ್ಕಬಹುದು, ಪರವಾಗಿಲ್ಲ.

ಕುರ್ಚಿ ಜಗಳಕ್ಕೆ ನಿಜವಾದ ತೀರ್ಮಾನ ಸಿಕ್ಕಿದ್ದು ಯೂನಿಕೋಡ್‌ನಿಂದ. ಭಾರತೀಯ ಲಿಪಿಗಳಿಗೆ 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ‘ಇಸ್ಕಿ’ ಎಂಬ ಸಂಕೇತವನ್ನು ಪ್ರಕಟಿಸಿತ್ತು. ಯೂನಿಕೋಡ್‌ನಲ್ಲಿ ನಮ್ಮ ಲಿಪಿಗಳ ಜೋಡಣೆ ಅದರ ಹಿಂದಿನ ಆವೃತ್ತಿಯ ಜಾಡಿನಲ್ಲೇ ಇದೆ. ಅಲ್ಲಿ ಕನ್ನಡಕ್ಕೆಂದೇ 3200ರಿಂದ 3327ರವರೆಗೆ 128 ಕುರ್ಚಿಗಳು. ‘ಕ’ 3221, ‘ಲ’ 3250, ಗುಡಿಸು 3263. ಡಿಗ್ರಿ ತನ್ನ ಹಳೆಯ 176ರಲ್ಲೇ ನೆಮ್ಮದಿಯಾಗಿದೆ. ಒಂದು ಕಡತದಲ್ಲಿ ಇಬ್ಬರೂ ಇದ್ದರೂ ಒಬ್ಬರನ್ನೊಬ್ಬರು ತಳ್ಳುವುದಿಲ್ಲ. ಇಲ್ಲಿ ಇಡುವುದು ಆಕಾರದ ತುಂಡುಗಳನ್ನಲ್ಲ, ಅಕ್ಷರಗಳನ್ನು. ‘ಕನ್ನಡ’ ಎಂದರೆ ಕ, ನ, ವಿರಾಮ ಚಿಹ್ನೆ, ನ, ಡ, ನಾವು ಬಾಯಲ್ಲಿ ಹೇಳುವ ಕ್ರಮದಲ್ಲೇ ಐದು ಸಂಕೇತ. ಒತ್ತು ಕೆಳಗೆ ಹೋಗಬೇಕು ಎಂಬುದನ್ನು ತೋರಿಸುವ ಹೊತ್ತಿನಲ್ಲಿ ತಂತ್ರಾಂಶ ತಾನೇ ನೋಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಜತೆಗೆ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟ್ ಬಂತು. ನನ್ನ ಪ್ರಶ್ನೆಪತ್ರಿಕೆ ಕೆಟ್ಟಾಗ ಅದು ಬಂದು ನಾಲ್ಕು ವರ್ಷವಾಗಿತ್ತು, ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಕಡೆ ಯೂನಿಕೋಡ್ ಇದ್ದುಬಿಟ್ಟರೆ ಈ ಪುರಾಣವೇ ಬೇಕಿರಲಿಲ್ಲ. ಆದರೆ ಸಣ್ಣ ಮುದ್ರಣಾಲಯಗಳು ಬಹುಕಾಲ ನೆಚ್ಚಿಕೊಂಡ ಪೇಜ್‌ಮೇಕರ್ ತಂತ್ರಾಂಶದ 2001ರ ಏಳನೇ ಆವೃತ್ತಿಯೇ ಕೊನೆಯದು. ಅದಕ್ಕೆ ಕನ್ನಡದ ಯೂನಿಕೋಡ್ ಜೋಡಿಸಲು ಬರುವುದಿಲ್ಲ. ಮದುವೆ ಕಾಗದ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಹಳೆಯ ಫಾಂಟಿನಲ್ಲೇ ಉಳಿದದ್ದು ಇದರಿಂದ. ನಿಮ್ಮ ಮಗಳು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದ ಪ್ರಬಂಧವನ್ನು ಅಂಥಲ್ಲಿಗೆ ಕೊಟ್ಟರೆ ಅದನ್ನು ಹಳೆಯ ಸಂಕೇತಕ್ಕೆ ಪರಿವರ್ತಿಸಿಕೊಳ್ಳುತ್ತಾರೆ. ಅಂಥ ಕೆಲಸಕ್ಕೆ ಪರಿವರ್ತಕ ತಂತ್ರಾಂಶಗಳಿವೆ, ನುಡಿಯಲ್ಲೇ ಒಂದಿದೆ. ಪರಿವರ್ತನೆಯ ನಂತರದ ಪ್ರತಿಯನ್ನು ಓದದೆ ಹಣ ಕೊಡಬೇಡಿ.

ಈ ಮಾತನ್ನು ಉಪದೇಶಕ್ಕೆ ಹೇಳುತ್ತಿಲ್ಲ, ಮತ್ತೊಮ್ಮೆ ಪೆಟ್ಟು ತಿಂದು ಹೇಳುತ್ತಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಒಟ್ಟುಗೂಡಿಸಿ ಮಕ್ಕಳಿಗೊಂದು ಪ್ರಶ್ನೆಕೋಶ ಮಾಡೋಣ ಎಂದು ಕಳೆದ ಬೇಸಿಗೆ ರಜೆಯಲ್ಲಿ ಕೂತೆ. ಹಳೆಯ ನುಡಿ ಕಡತಗಳ ಪಠ್ಯವನ್ನು ಪರಿವರ್ತಕಕ್ಕೆ ಅಂಟಿಸಿ ಯೂನಿಕೋಡ್ ಮಾಡಿಕೊಂಡೆ. ಪುಟಗಟ್ಟಲೆ ಕನ್ನಡ ಚೊಕ್ಕವಾಗಿ ಬಂತು. ನೋಡಿದರೆ, ಸರಿಯಾಗಿ ಇಂಗ್ಲಿಷ್ ಫಾಂಟಿನಲ್ಲೇ ಇದ್ದ ಡಿಗ್ರಿಗಳೂ ‘ಲಿ’ ಆಗಿವೆ! ಕಾರಣ ಹೊಳೆಯಲು ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಠ್ಯವನ್ನು ಮಾತ್ರ ಅಂಟಿಸಿದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಹಿಂದೆಯೇ ಉಳಿಯುತ್ತದೆ. ಪರಿವರ್ತಕಕ್ಕೆ ಕಾಣುವುದು 176 ಎಂಬ ನಂಬರ್ ಮಾತ್ರ. ಅದು ಡಿಗ್ರಿಯೋ ‘ಲಿ’ಯೋ ಅದಕ್ಕೆ ಹೇಗೆ ತಿಳಿಯಬೇಕು? ಮೊದಲು ಇದು ಬರೀ ಕಣ್ಣಿಗೆ ಕಾಣುವ ವೇಷದ ತಪ್ಪಾಗಿತ್ತು, ಫಾಂಟ್ ಬದಲಿಸಿದರೆ ಮರಳಿ ಡಿಗ್ರಿಯಾಗುತ್ತಿತ್ತು. ಯೂನಿಕೋಡ್ ಆದ ಮೇಲೆ ನಿಜವಾದ ಲಕಾರ, ನಿಜವಾದ ಗುಡಿಸು. ಯಾವ ಫಾಂಟ್ ಹಾಕಿದರೂ ಮರಳುವುದಿಲ್ಲ.

ಹುಡುಕುವ ಉಪಾಯವೇನೋ ಸಿಕ್ಕಿತು. ಕನ್ನಡದ ಪದಗಳಲ್ಲಿ ‘ಲಿ’ ಎಲ್ಲೆಲ್ಲೂ ಇದೆ, ಆದರೆ ಅಂಕಿಯ ಬೆನ್ನಿಗೇ ಅಂಟಿಕೊಂಡ ‘ಲಿ’ ಸಂಶಯಾಸ್ಪದ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಯ ಮುಂದೆ ‘ಲಿ’ ಇಟ್ಟು ಹತ್ತು ಸಲ ಹುಡುಕಿಸಿದೆ. ಸಿಕ್ಕಿದ ಕಡೆಯೆಲ್ಲ ಮೂಲ ಕಡತ ತೆರೆದು ಹೋಲಿಸಿ ತಿದ್ದಿದೆ. ‘ಊಅಟ’ವನ್ನೂ ಹುಡುಕಿದೆ.

ಒಂದು ಕಡತದಲ್ಲಿ ಮಾತ್ರ ಹೋಲಿಸಲು ಏನೂ ಇರಲಿಲ್ಲ. ಫ್ಲಾಪಿಯಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ ನಕಲಾಗುತ್ತಾ ಬಂದ 2005ರ ಅರ್ಧವಾರ್ಷಿಕ ಪತ್ರಿಕೆ ಅದು. ಅಂಗಡಿಯ ಹುಡುಗ ಫಾಂಟ್ ಬದಲಿಸಿದ ಮೇಲೆ ಉಳಿಸಿಕೊಟ್ಟಿದ್ದ ಪ್ರತಿಯಾದ್ದರಿಂದ ಮೂಲದಲ್ಲೇ ‘30ಲಿಅ ಇಂದ 80ಲಿಅ ಗೆ’ ಎಂದಿತ್ತು. ನಾನು ಕೈಯಲ್ಲಿ ಬರೆದಿದ್ದ ಹಾಳೆ ಎಂದೋ ಕಳೆದುಹೋಗಿದೆ. ‘ಲಿಅ’ ಅಳಿಸಿ, ಎರಡೂ ಕಡೆ ಡಿಗ್ರಿ ಗುರುತು ಹಾಕಿ, ಮುಂದೆ ಇಂಗ್ಲಿಷಿನ ‘ಸಿ’ ಬಿಟ್ಟು ‘ಸೆಲ್ಸಿಯಸ್’ ಎಂದು ಕನ್ನಡದಲ್ಲೇ ಪೂರ್ತಿ ಬರೆದು, ಒಂದು ಪ್ರತಿ ಪ್ರಿಂಟ್ ತೆಗೆದು, ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಓದಿದೆ.